ಮಿನಿಮೈಸ್ ಮಾಡಿಟ್ಟ ವಿಂಡೋ

ಬನಶಂಕರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ನಿಂತಿದ್ದರು, ಒಬ್ಬ ಯುವಕ ಮತ್ತು ನಲವತ್ತು ದಾಟಿದ ಹೆಂಗಸು. ಇಬ್ಬರ ಕೊರಳಲ್ಲೂ ಒಂದೇ ಕಂಪನಿಯ ಗುರುತಿನ ಚೀಟಿ. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯತೆ ನನಗಿಲ್ಲ.

"ಶರ್ವಾಣಿ ಮೇಡಂ, ಬಯಾಪ್ಸಿ ರಿಪೋರ್ಟ್ ಬಂತಾ?"

ಆಕೆ ಥಟ್ಟನೆ ಅವನತ್ತ ತಿರುಗಿದರು.

"ನಿನಗೆ ಯಾರು ಹೇಳಿದ್ದು, ಸಿದ್ಧಾರ್ಥ?"

"ಯಾರು ಏನ್ ಕೆಲ್ಸ ಮಾಡ್ತಿದಾರೆ ಅಂತ ನೋಡೋಕೆ ನಾನೊಂದು ಸ್ಕ್ರಿಪ್ಟ್ ಬರ್ದಿದ್ನಲ್ಲ, ಎಲ್ಲರ ಲ್ಯಾಪ್‌ಟಾಪಲ್ಲೂ ಓಪನ್ ಇರೋ ವಿಂಡೋಗಳ ಟೈಟಲ್ ತೆಗಿಯೋದು. ಅದ್ರಲ್ಲಿ ಬಂತು."

"ಎದುರಿಗಿರೋ ವಿಂಡೋದು ಮಾತ್ರ ತೆಗಿಯತ್ತೆ ಅಂದಿದ್ದೆ. ನಾನು ಆಸ್ಪತ್ರೆ ಫೈಲನ್ನ ಮಿನಿಮೈಸ್ ಮಾಡಿಟ್ಟಿದ್ದೆ."

"ನಾನೂ ಹಾಗೇ ಅನ್ಕೊಂಡಿದ್ದೆ. ಮಿನಿಮೈಸ್ ಮಾಡಿರೋದ್ನೂ ತೆಗೀತಿದೆ. ನನ್ ತಪ್ಪು ಮೇಡಂ."

"ಒಳಗಡೆ ಬರ್ದಿರೋದೂ ಕಾಣತ್ತಾ?"

"ಇಲ್ಲ, ಟೈಟಲ್ ಅಷ್ಟೇ. ಆದ್ರೆ ಆಸ್ಪತ್ರೆಯವ್ರು ನಿಮ್ಮ ಹೆಸ್ರು, ಬ್ರೆಸ್ಟ್ ಬಯಾಪ್ಸಿ ಅಪಾಯಿಂಟ್‌ಮೆಂಟ್ ಅಂತ ಎಲ್ಲಾನೂ ಫೈಲಿನ ಹೆಸರಲ್ಲೇ ಹಾಕಿದಾರೆ."

"ಇನ್ಯಾರು ನೋಡಿದಾರೆ?"

"ಮ್ಯಾನೇಜರ್‌ಗೆ ದಿನಾ ಸಂಜೆ ತಾನಾಗೇ ಮೇಲ್ ಹೋಗತ್ತೆ."

"ನಂದನ್ನ ಅಳಿಸಿಬಿಡು."

"ಇವತ್ತು ಬೆಳಿಗ್ಗೆನೇ ಅವ್ರು ನನ್ನ ಕರ್ದು ಕೇಳಿದ್ರು ಮೇಡಂ, ನಿಮ್ಮ ಪ್ರಾಜೆಕ್ಟ್ ಯಾರಿಗೆ ಕೊಡ್ಬೋದು ಅಂತ."

ಅಂಜನಾಪುರದ ಬಸ್ ಬಂತು. ಜನ ಬಾಗಿಲಿಗೆ ನುಗ್ಗಿದರು. ಆಕೆ ಬ್ಯಾಗನ್ನು ಎದೆಗೆ ಅವಚಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ ನೋಡಿದರು.

"ನಮ್ಮನೆಯವ್ರಿಗೇ ನಾನಿನ್ನೂ ಹೇಳಿಲ್ಲ ಕಣೋ."