ಮಗ್ಗ ನಿಂತಾಗ

“ಫೀಸು, ವ್ಯಾನು, ಟ್ಯೂಷನ್ನು ಅಂತ ಎರಡು ಮಗ್ಗದ ದುಡಿಮೆ ನಮ್ಮ ಮಗಳು ಪದ್ಮಶ್ರೀಗೇ ಹೋಗ್ತದೆ ಕಣೇ.”

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಹೂ ಕಟ್ಟುತ್ತಿದ್ದ ವರಲಕ್ಷ್ಮಮ್ಮನ ಪಕ್ಕ ಅಕ್ಕತಂಗಿಯರಿಬ್ಬರು ಕೂತಿದ್ದರು.

“ಡಾಕ್ಟ್ರಾದ್ರೆ ಎಲ್ಲಾ ವಾಪಸ್ ಬರ್ತದೆ ಬಿಡಕ್ಕ.”

“ದಿನಾ ಮಗ್ಗದ ಪಕ್ಕಾನೇ ಕೂತು ಓದೋಳು. ಆ ಸದ್ದಲ್ಲಿ ಹೆಂಗೇ ಓದ್ತೀಯ ಅಂದ್ರೆ, ಇಲ್ಲೇ ಚೆನ್ನಾಗಿದೆ ಅನ್ನೋಳು. ಮೊನ್ನೆ ಕರೆಂಟ್ ಹೋಗಿ ಮಗ್ಗ ನಿಂತ್ವು. ಬಿಕ್ಕಿ ಬಿಕ್ಕಿ ಅಳೋದು ಕೇಳಿಸ್ತು.”

“ಅಯ್ಯೋ, ಯಾಕಂತೆ?”

“ಮಾರ್ಕ್ಸ್ ಕಮ್ಮಿ ಬಂದ್ರೆ ಏನ್ಮಾಡ್ಲಿ ಅಂತ. ದಿನಾ ಅಳ್ತಿದ್ಲಂತೆ.”

“ಭಾವ ಏನಂದ್ರು?”

“ಇನ್ಮೇಲೆ ಮಗ್ಗದ ಹತ್ರ ಹೋಗ್ಬೇಡ, ನನ್ನ ಕಣ್ಮುಂದೆ ಕೂತು ಓದು ಅಂದ್ಬಿಟ್ರು.”

“ಈಗ ಅಳಲ್ವಾ?”

“ಇಲ್ಲ. ಮಾತೂ ಆಡಲ್ಲ.”

ಬಸ್ಸು ಬಂತು, ಇಬ್ಬರೂ ಓಡಿದರು. ವರಲಕ್ಷ್ಮಮ್ಮ ಹೂ ಕಟ್ಟುವುದು ಬಿಟ್ಟು ಹೊರಟ ಬಸ್ಸಿನತ್ತ ನೋಡಿದಳು. ಆ ಮಗುವಿಗೆ ಅಳಲು ಇದ್ದ ಒಂದು ಜಾಗವೂ ಹೋಗಿತ್ತು.