ಬುತ್ತಿ ಕಿಂಡಿ

ನಾನು ಹೇಳೋದರಲ್ಲಿ ಅರ್ಧ ಸುಳ್ಳು ಅಂತ ಊರೇ ಆಡಿಕೊಳ್ಳುತ್ತೆ. ಇದು ಇನ್ನರ್ಧಕ್ಕೆ ಸೇರಿದ್ದು.

ನನ್ನ ಚಿಕ್ಕಪ್ಪನ ಮಗ ಭೀಮರಾಜು, ಗಾರೆ ಮೇಸ್ತ್ರಿ. ಶಿರಾದಿಂದ ಬಂದ ಕೊನೇ ಬಸ್ಸಿಳಿದು, ಹಳೇ ಹತ್ತಿ ಮಿಲ್ಲಿನ ಬಾವಿ ಪಕ್ಕ ನಡೆದು ಬರ್ತಿದ್ದ. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯ್ತು. ಈಗ ಅದು ಸಂರಕ್ಷಿತ ಕಟ್ಟಡ, ನೀಲಿ ಬೋರ್ಡು ಹಾಕಿದ್ದಾರೆ. ರಿಪೇರಿ ಇವನದೇ. ಹಿಂದಿನ ಗೋಡೆಯಲ್ಲೊಂದು ಕಿಂಡಿ. ಮನೆಯವರಿಂದ ಬುತ್ತಿ ಈಸಿಕೊಳ್ಳೋಕೆ ಕೂಲಿಯವರೇ ಒಡೆದದ್ದು. ಮೂಲ ನಕ್ಷೆಯಲ್ಲಿ ಅದಿಲ್ಲ, ಮುಚ್ಚು ಅಂದಿದ್ದರು ಎಂಜಿನಿಯರು.

ಅವತ್ತು ಬೆಳಿಗ್ಗೆ ನಮ್ಮೂರ ಪಟಾಲಜ್ಜಿ ಬಂದು ಕೈ ಹಿಡಿದಿದ್ದಳು. ಅವಳ ಗಂಡ ಸಣ್ಣರಂಗಯ್ಯ ಒಳಗೇ ಮಿಷನ್ನಿನ ಬೆಲ್ಟಿಗೆ ಸಿಕ್ಕಿ ಸತ್ತವನು. ಅವತ್ತಿಂದ ದಿನಾ ಆ ಕಿಂಡಿಯಲ್ಲಿ ಮುದ್ದೆ, ಸಾರಿನ ಡಬ್ಬಿ ಇಡ್ತಾಳೆ.

"ಮುಚ್ಚಬ್ಯಾಡ ಕಣಪ್ಪ. ಹಸ್ಕೊಂಡಿರ್ತಾನೆ."

"ಹಳೇದು ಹಳೇದಿದ್ದಂಗೇ ಇರ್ಬೇಕಂತೆ ಅಜ್ಜಿ."

"ಈ ಕಿಂಡಿ ಹೊಸ್ದೇನ್ಲಾ?"

ಆದರೂ ಶಿರಾಕ್ಕೆ ಹೋಗೋ ಮುಂಚೆ ಇಟ್ಟಿಗೆ ಇಟ್ಟು ಮುಚ್ಚಿದ್ದ.

ಈಗ ಬಾವಿ ದಾಟುತ್ತಲೇ ಸದ್ದು... ಟಕ್... ಟಕ್... ಬೆರಳ ಗೆಣ್ಣಿನಿಂದ ಇಟ್ಟಿಗೆ ಬಡಿದಂಗೆ. ಗೋಡೆಯ ಒಳಗಿಂದ. ಬಾಗಿಲಿಗೆ ಬೀಗ.

ಗೋಡೆ ಬುಡದಲ್ಲಿ ಅಜ್ಜಿ ಡಬ್ಬಿ ಹಿಡಿದು ಕೂತಿದ್ದಳು. ಅವಳಿಗೇನೂ ಕೇಳಿಸಿಲ್ಲ. ಅದೇ ಮಿಲ್ಲಿನ ಗದ್ದಲದಲ್ಲಿ ದುಡಿದು ಕಿವಿ ಹೋಗಿದೆ. ಅಲ್ಲಿ ದುಡಿದವರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು, ಇವಳೂ ಹಂಗೇ.

ಭೀಮರಾಜು ಹಸಿ ಗಾರೆ ಕೆರೆದ. ಇಟ್ಟಿಗೆ ಕಿತ್ತ. ಒಳಗೆ ಕತ್ತಲು... ಕತ್ತಲಿಂದ ಗಂಡಸಿನ ಪಿಸುದನಿ.

"ಮುದುಕಿ ಆಗ್ಬುಟ್ಳು... ಇನ್ನ ಸಾಕು ಅನ್ನು. ತರಬ್ಯಾಡ ಅನ್ನು..."

ಇವನು ಮರಗಟ್ಟಿದ್ದು ಕಂಡು ಅಜ್ಜಿ ಎದ್ದಳು. ಟಾರ್ಚು ಹಚ್ಚಿ ಇವನ ತುಟಿಗೆ ಹಿಡಿದಳು.

"ಏನಂದ?"

ಭೀಮರಾಜು ತುಟಿ ಬಿಡಿಸಿ ಬಿಡಿಸಿ ಹೇಳಿದ.

"ಸಾರಿಗೆ... ಉಪ್ಪು... ಕಮ್ಮಿ ಅಂತೆ."

ಅಜ್ಜಿ ಟಾರ್ಚು ಇಳಿಸಲಿಲ್ಲ.

"ಯಾವಾಗ್ಲೂ ಅದೇ ತಕರಾರು ಇವಂದು," ಅಂದಳು. ಡಬ್ಬಿ ಒಳಗಿಟ್ಟು, ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಾ ಮನೆ ಕಡೆ ಹೋದಳು.

ಕಿಂಡಿ ಮತ್ತೆ ಮುಚ್ಚಲ್ಲ ಅಂದಿದ್ದಕ್ಕೆ ಭೀಮರಾಜುವಿನ ಕೆಲಸ ಹೋಯ್ತು. ಆಮೇಲೆ ಬಂದ ಮೇಸ್ತ್ರಿಯೂ ಮುಚ್ಚಿಲ್ಲ, ಯಾಕೆ ಅಂತ ಹೇಳಲ್ಲ.

ಆ ರಾತ್ರಿಯ ಮಾರನೇ ಬೆಳಿಗ್ಗೆ ನಾನೇ ಹೋಗಿ ನೋಡಿದೆ. ಡಬ್ಬಿ ಖಾಲಿ. ನಾಯಿ ತಿಂದಿರಬೇಕು ಅಂತೀರಾ, ಅನ್ನಿ. ಆದರೆ ಮುಚ್ಚಳ ಬಿಗಿಯಾಗಿ ಹಾಕಿತ್ತು. ತೆಗೆದರೆ, ತಳದಲ್ಲಿ ಅಂಟಿಕೊಂಡ ಒಂದು ಹತ್ತಿ ಎಳೆ, ಈಗಷ್ಟೇ ಮಿಷನ್ನಿಂದ ಬಂದಂಗೆ ಬೆಳ್ಳಗಿತ್ತು. ಇದು ಮಾತ್ರ ನಾನು ಕಟ್ಟಿದ್ದಲ್ಲ.