ಕಣ್ಣಿಗೆ ಕಾಣುವ ಮೃಗ

ಹುಣಸೂರಿನ ಆಸ್ಪತ್ರೆಯೊಂದರಲ್ಲಿ ಗಂಡನ ಆಪರೇಷನ್ ಮುಗಿಯಲೆಂದು ಕಾಯುತ್ತಿದ್ದ ಪದ್ಮಶ್ರೀಯ ಕಿವಿಗೆ ಪಕ್ಕದಲ್ಲಿ ಕೂತಿದ್ದ ಅಣ್ಣ ತಂಗಿಯ ಮಾತು ಬಿತ್ತು.

“ಒಳಗೆ ಅವ್ವನ ಹೊಟ್ಟೆ ಕುಯ್ತಾವ್ರೆ. ನಿಂಗೆ ಮೊಬೈಲಲ್ಲಿ ರಾಕ್ಷಸ ಮೃಗದ ಬೇಟೆ ಬೇಕಾ, ಕಾವ್ಯ?”

“ಬೇಕು ಕಣಣ್ಣ. ಆಡ್ತಿದ್ರೆ ಒಸಿ ಧೈರ್ಯ ಬತ್ತದೆ.”

“ಅಂತದ್ದೇನದೆ ಅದ್ರಲ್ಲಿ?”

“ಈ ಮೃಗ ಎಷ್ಟೇ ದೊಡ್ಡದಾಗಿದ್ರೂ ಕಣ್ಣಿಗಾದ್ರೂ ಕಾಣ್ತದೆ. ಎಲ್ಲಿಗೆ ಹೊಡೀಬೇಕು ಅಂತ ಆಡ್ತಾ ಆಡ್ತಾ ಗೊತ್ತಾಯ್ತದೆ. ಸೋತ್ರೂ ಇನ್ನೊಂದ್ಸಲ ಆಡ್ಬೋದು.”

ಅಣ್ಣ ಬಾಗಿಲ ಕಡೆ ನೋಡಿ, ಅವಳತ್ತ ಸರಿದು ಕೂತ.

“ನಂಗೂ ಒಂಚೂರು ತೋರ್ಸು.”

ಅಷ್ಟರಲ್ಲಿ ನರ್ಸ್ “ಭಾಗ್ಯಮ್ಮನ ಕಡೆಯವರು ಬನ್ನಿ” ಎಂದು ಕರೆದಳು. ಇಬ್ಬರೂ ಮೊಬೈಲನ್ನು ಬೆಂಚಿನ ಮೇಲೇ ಬಿಟ್ಟು ಓಡಿದರು.

ಪರದೆಯಲ್ಲಿ ಮೃಗ ಇನ್ನೂ ಎಗರಾಡುತ್ತಿತ್ತು. ಪದ್ಮಶ್ರೀ ಮೊಬೈಲನ್ನು ಎತ್ತಿಕೊಂಡು, ಆಟ ಬಾರದಿದ್ದರೂ ಅದಕ್ಕೆ ಹೊಡೆಯತೊಡಗಿದಳು.